ನಿಂತ ಕಾರನ್ನು ತೆಗೆದದ್ದು

ಹಳೇ ಕಾರುಗಳ ಮೇಲೆ ನನಗೆ ಯಾವ ಮೋಹವೂ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಯಾಕೆಂದರೆ ನೈರೋಬಿಯ ಕನ್ನಡದವರ ನಡುವೆ ನನಗೆ ‘ಕಾರ್ ರೇಸಿನ ಕ್ಯಾಮೆರಾ ಆಂಟಿ’ ಎಂಬ ಹೆಸರು ಬಿದ್ದುಬಿಟ್ಟಿದೆ. ಯುಗಾದಿಯ ಊಟದ ಸಾಲಿನಲ್ಲಿ ಯಾರಾದರೂ ಹೊಸಬರು, ಬೆಂಗಳೂರಿನಿಂದ ಕಂಪನಿ ಕಳಿಸಿ ಬಂದವರು, ಪಕ್ಕದಲ್ಲಿ ಕೂತು "ಆಂಟಿ, ನಿಮಗೆ ವಿಂಟೇಜ್ ಕಾರ್ಸ್ ಅಂದ್ರೆ ತುಂಬಾ ಪ್ಯಾಶನ್ ಅಂತೆ" ಎನ್ನುತ್ತಾರೆ. ನಾನು ಹೋಳಿಗೆ ಮುರಿಯುತ್ತಾ ಹೂಂ ಎನ್ನುತ್ತೇನೆ. ಪ್ಯಾಶನ್ ಅಲ್ಲಪ್ಪ, ಸೊಂಟನೋವು ಎಂದರೆ ಪಾಪ ಅವರಿಗೆ ಊಟ ಸೇರುವುದಿಲ್ಲ.

ಗಂಡನ ಟೆಲಿಕಾಂ ಕೆಲಸದ ಬಾಲ ಹಿಡಿದು ನಾನು ಈ ಊರಿಗೆ ಬಂದದ್ದು. ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದವಳು, ಇಲ್ಲಿ ಪಾರ್ಕ್‌ಲ್ಯಾಂಡ್ಸಿನ ಫ್ಲಾಟಿನಲ್ಲಿ ಕೂತು ಮಟಾಟು ಎಂಬ ಬಾಡಿಗೆ ವ್ಯಾನುಗಳ ಹಾರ್ನ್ ಕೇಳಿ ಕೇಳಿ ಬೇಸತ್ತು ಒಂದು ಕ್ಯಾಮೆರಾ ಕೊಂಡೆ. ಮೊದಲು ದೇವಸ್ಥಾನದ ಹಾಲಿನಲ್ಲಿ ನಡೆಯುವ ನಾಮಕರಣಗಳು, ಆಮೇಲೆ ಮದುವೆಗಳು, ಆಮೇಲೆ ವೆಸ್ಟ್‌ಲ್ಯಾಂಡ್ಸಿನ ಆಫೀಸುಗಳ ಪಾರ್ಟಿ. ಒಂದು ಮದುವೆಯಲ್ಲಿ ಮದುಮಗಳ ಸೋದರಮಾವನಿಗೆ ಹಳೇ ಕಾರುಗಳ ಹುಚ್ಚು. "ಕಾಶಿಯಾತ್ರೆಗೆ ಓಡೋ ಮದುಮಗನ್ನೇ ಬಿಡದೆ ಹಿಡಿದಿದೀರಿ. ಬನ್ನಿ, ಓಡೋ ಕಾರನ್ನೂ ಹಿಡೀರಿ" ಎಂದು ಅವರು ಒಂದು ಭಾನುವಾರ ಊರಾಚೆಯ ಮಣ್ಣಿನ ಟ್ರ್ಯಾಕಿಗೆ ಕರೆದರು. ಹೋದೆ. ವರ್ಷಗಳಾದವು, ಇನ್ನೂ ಹೋಗುತ್ತಲೇ ಇದ್ದೇನೆ. ಬಿಡಬೇಕು ಎಂದು ಪ್ರತಿ ಭಾನುವಾರ ಬೆಳಿಗ್ಗೆ ಅಂದುಕೊಳ್ಳುತ್ತೇನೆ, ಲೆನ್ಸುಗಳನ್ನು ಒರೆಸಿ ಚೀಲಕ್ಕೆ ಹಾಕುತ್ತಲೇ ಅಂದುಕೊಳ್ಳುತ್ತೇನೆ.

ಅಲ್ಲಿ ಓಡುವ ಕಾರುಗಳೆಲ್ಲ ಒಂದು ಕಾಲದಲ್ಲಿ ಈ ದೇಶದ ಮೂಲೆ ಮೂಲೆ ಸುತ್ತಿದವು. ಓಡಿಸುವವರೂ ಅಷ್ಟೇ. ಈಗ ಇಬ್ಬರಿಗೂ ಬಿಡಿಭಾಗ ಸಿಗುವುದು ಕಷ್ಟ. ಒಂದೊಂದು ಕಾರನ್ನೇ ಬಿಡುತ್ತಾರೆ, ಮಣ್ಣಿನ ದಾರಿಯಲ್ಲಿ ಕೆಲವು ಸುತ್ತು ಹಾಕಿ ಬರಬೇಕು, ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ. ಗೆದ್ದವರಿಗೆ ಒಂದು ಕಪ್, ಉಳಿದವರಿಗೆ ನನ್ನ ಫೋಟೋ.

ಓಡುವ ಕಾರನ್ನು ತೆಗೆಯುವುದರಲ್ಲಿ ಇರುವುದು ಒಂದೇ ಗುಟ್ಟು. ಕ್ಯಾಮೆರಾವನ್ನು ಅಲ್ಲಾಡಿಸದೆ ಹಿಡಿದರೆ ಒಂದೋ ಕಾರು ಗೀಚಿದ ಗೆರೆಯಾಗುತ್ತದೆ, ಇಲ್ಲವೇ ಚಕ್ರವೂ ತಿರುಗದೆ ಅಂಗಡಿಯ ಆಟಿಕೆಯಂತೆ ನಿಂತುಬಿಡುತ್ತದೆ. ಅದಕ್ಕೆ ಕಾರಿನ ಜೊತೆಗೇ ಸೊಂಟ ತಿರುಗಿಸುತ್ತಾ ಹೋಗಬೇಕು. ಆಗ ಕಾರು ಮಾತ್ರ ಸ್ಪಷ್ಟವಾಗಿ ಉಳಿದು ಹಿಂದಿನ ಹುಲ್ಲು, ಬೇಲಿ, ಆಕಾಶ ಎಲ್ಲ ಕಲಸಿಹೋಗುತ್ತವೆ. ನೋಡುವವರು ಆಹಾ ಎಷ್ಟು ವೇಗ ಎನ್ನುತ್ತಾರೆ. ನನಗೆ ಅದು ಬೀಸುಕಲ್ಲಿನ ಕೆಲಸ. ಬೆಳಗಿನಿಂದ ಎಡಕ್ಕೆ ತಿರುಗು, ಮತ್ತೆ ಬಲಕ್ಕೆ ತಿರುಗು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇಲ್ಲಿ ಕೈಯೂ ಕೆಂಪು ಮಣ್ಣು, ಬಾಯಿಯೂ ಕೆಂಪು ಮಣ್ಣು.

ಒಮ್ಮೆ ಸರೋವರದ ಮೇಲೆ ವೇಗದ ದೋಣಿಗಳ ರೇಸ್ ತೆಗೆಯಲೂ ಕರೆದಿದ್ದರು. ನೀರಿನಲ್ಲಿ ಧೂಳಿರುವುದಿಲ್ಲವಲ್ಲ ಎಂಬ ಆಸೆಗೆ ಹೋದೆ. ದೋಣಿಗಳು ಹೊರಟು ಇನ್ನೂ ದಾರಿ ಹಿಡಿದಿರಲಿಲ್ಲ, ನಡುನೀರಿನಲ್ಲಿ ನೀರಾನೆಯೊಂದು ತಲೆಯೆತ್ತಿ ಆಕಳಿಸಿತು. ರೇಸ್ ನಿಂತಿತು. ಅದು ಮುಳುಗುವವರೆಗೂ ಎಲ್ಲರೂ ಕಾದೆವು, ಅದು ಮುಳುಗಿ ಇನ್ನೊಂದು ಕಡೆ ಎದ್ದಿತು. ನಾನು ಕೂತಿದ್ದ ದೋಣಿ ತೂಗಿ ತೂಗಿ ಬೆಳಗಿನ ಉಪ್ಪಿಟ್ಟೆಲ್ಲ ಸರೋವರಕ್ಕೆ ಅರ್ಪಣೆಯಾಯಿತು. ಅಂದಿನಿಂದ ನನ್ನ ಪಾಲಿಗೆ ಧೂಳೇ ಗಟ್ಟಿ.

ನನ್ನ ಜೊತೆ ಎರಡನೇ ಕ್ಯಾಮೆರಾ ಹಿಡಿಯುವವಳು ಈ ದೇಶದವಳೇ, ಕಿಸುಮು ಕಡೆಯವಳು. ನನಗಿಂತ ಸ್ವಲ್ಪ ಚಿಕ್ಕವಳು, ನನಗಿಂತ ತುಂಬಾ ಗಟ್ಟಿ. ನನ್ನನ್ನು ‘ದಾದಾ’ ಎಂದು ಕರೆಯುತ್ತಾಳೆ. ಸ್ವಾಹಿಲಿಯಲ್ಲಿ ಹಾಗೆಂದರೆ ಅಕ್ಕ. ಊರಿನಿಂದ ಬಂದಿದ್ದ ನನ್ನ ತಂಗಿ ಅದನ್ನು ಮೊದಲ ಸಲ ಕೇಳಿ, ನಾನು ಇಲ್ಲಿ ಏನೋ ರೌಡಿಸಂ ಶುರುಮಾಡಿದ್ದೇನೆ ಅಂದುಕೊಂಡಿದ್ದಳು. ನಾವಿಬ್ಬರೂ ಸೇರಿ ಎಷ್ಟೋ ಕನ್ನಡದ ಮದುವೆಗಳನ್ನು ತೆಗೆದು ತೆಗೆದು, ಅವಳಿಗೆ ನನ್ನ ಬಾಯಿಂದ ಒಂದೆರಡು ಕನ್ನಡದ ಮಾತು ಅಂಟಿಕೊಂಡಿವೆ. ‘ತೆಗಿ’ ಎಂದರೆ ಕ್ಯಾಮೆರಾ ಶುರು ಮಾಡು, ‘ಸಾಕು’ ಎಂದರೆ ನಿಲ್ಲಿಸು. ಉಳಿದದ್ದೆಲ್ಲ ಇಂಗ್ಲಿಷ್, ಸ್ವಾಹಿಲಿ ಕಲಸುಮೇಲೋಗರ. ರೇಸಿನಲ್ಲಿ ನಾನು ಮೇಲೆ ದಿಬ್ಬದ ಮೇಲೆ ಉದ್ದ ಲೆನ್ಸ್ ಹಿಡಿದು ನಿಂತರೆ ಅವಳು ಕೆಳಗೆ ಮುಕ್ತಾಯದ ಗೆರೆಯ ಹತ್ತಿರ ವಿಡಿಯೋ ತೆಗೆಯುತ್ತಿರುತ್ತಾಳೆ. ನಡುವೆ ಕರಕರ ಎನ್ನುವ ಎರಡು ವಾಕಿಟಾಕಿ. ತೆಗಿ, ಸಾಕು, ಇವೆರಡರಲ್ಲೇ ನಮ್ಮ ಸಂಸಾರ ಇಷ್ಟು ವರ್ಷ ಸುಸೂತ್ರವಾಗಿ ನಡೆದಿತ್ತು.

ಆ ಸೋದರಮಾವನನ್ನು ಬಿಟ್ಟರೆ ಆ ರೇಸುಗಳಲ್ಲಿ ಇದ್ದ ಒಬ್ಬರೇ ಕನ್ನಡದವರು ನಮ್ಮ ಡಾಕ್ಟರು. ಮಂಗಳೂರಿನ ಕ್ರಿಶ್ಚಿಯನ್ನರು, ಎಲುಬಿನ ಡಾಕ್ಟರು, ಚಿಕ್ಕ ವಯಸ್ಸಿನಲ್ಲೇ ಇಲ್ಲಿಗೆ ಬಂದು ಇಲ್ಲೇ ನಿವೃತ್ತರಾಗಿ ಕರೆನ್ ಬಡಾವಣೆಯಲ್ಲಿ ದೊಡ್ಡ ತೋಟದ ನಡುವೆ ಮನೆ ಮಾಡಿಕೊಂಡವರು. ಈ ಊರಿನಲ್ಲಿ ಬಿದ್ದು ಕೈಕಾಲು ಮುರಿದುಕೊಂಡ ಕನ್ನಡದವರಲ್ಲಿ ಅವರ ಕೈಗೆ ಸಿಗದವರು ಕಡಿಮೆ. ನನ್ನ ಮಗನ ಮೊಣಕೈಯನ್ನು ಕೂರಿಸಿದ್ದೂ ಅವರೇ. ಅವರದು ಬಿಳಿ ಬಣ್ಣದ ಹಳೇ ಕಾರು, ಬಂದ ಹೊಸದರಲ್ಲಿ ಕೊಂಡದ್ದು. ಕೊನೆಯ ತಿರುವಿನಲ್ಲಿ ದಿಬ್ಬದ ಮೇಲೆ ನಾನು ಕಂಡೊಡನೆ ಸ್ಟೇರಿಂಗಿನಿಂದ ಒಂದು ಕೈ ಎತ್ತಿ ಬೀಸುತ್ತಿದ್ದರು. ಆ ಕೈ ಇರುವ ಫೋಟೋಗಳು ನನ್ನ ಹತ್ತಿರ ರಾಶಿ ಇವೆ. ಈಚಿನ ರೇಸುಗಳಲ್ಲಿ ಕೈ ಎತ್ತುತ್ತಿರಲಿಲ್ಲ. ಅಂತೂ ಬುದ್ಧಿ ಬಂತು ಎಂದುಕೊಂಡಿದ್ದೆ.

ಅವರ ಹೆಂಡತಿ, ಅಂದರೆ ಆಂಟಿ, ಪ್ರತಿ ರೇಸಿಗೂ ಬರುತ್ತಾರೆ, ಆದರೆ ಒಂದು ರೇಸನ್ನೂ ನೋಡುವುದಿಲ್ಲ. ಟೆಂಟಿನ ಕೆಳಗೆ ಟ್ರ್ಯಾಕಿಗೆ ಬೆನ್ನು ಹಾಕಿ ಕುರ್ಚಿ ಎಳೆದುಕೊಂಡು, ಫ್ಲಾಸ್ಕಿನ ಚಹಾ ಕುಡಿಯುತ್ತಾ ಕೂರುತ್ತಾರೆ. ಗಂಡನ ಕಾರು ಮುಗಿಸಿ ನಿಂತಿತು ಎಂದು ಯಾರಾದರೂ ಹೇಳಿದ ಮೇಲೆ ನಮ್ಮ ಹತ್ತಿರ ಬಂದು, "ಈಗ ತೋರಿಸು ಮಾರಾಯ್ತಿ" ಎಂದು ಕ್ಯಾಮೆರಾದ ಸಣ್ಣ ಪರದೆಯಲ್ಲಿ ಇಡೀ ಓಟವನ್ನು ನೋಡುತ್ತಾರೆ. ಆಗ ಅವರಿಗೆ ಹೆದರಿಕೆ ಇಲ್ಲ. ಏನಾಯಿತು ಎಂದು ಗೊತ್ತು, ಗಂಡ ಬದುಕಿದ್ದಾರೆ ಎಂದು ಗೊತ್ತು. ನನಗೆ ಮೊದಮೊದಲು ಇದು ತಮಾಷೆ ಎನಿಸುತ್ತಿತ್ತು. ಎಷ್ಟು ವರ್ಷ ಒಬ್ಬ ಹೆಂಗಸು ಹೀಗೆ ಬೆನ್ನು ಹಾಕಿ ಕೂತಾಳು ಎಂದು ಯೋಚಿಸಿದರೆ ಈಗ ನನಗೇ ಆಯಾಸವಾಗುತ್ತದೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಆಂಟಿ ಫೋನ್ ಮಾಡಿದರು. ಈ ಸಲದ್ದೇ ಕೊನೆಯ ರೇಸ್ ಎಂದು ಡಾಕ್ಟರು ಮಾತು ಕೊಟ್ಟಿದ್ದಾರಂತೆ. "ಬಾಯಿಮಾತು ನನಗೆ ಬೇಡ. ಹೀಗೆ ಎಷ್ಟು ಸಲ ಮಾತು ಕೊಟ್ಟಾಯ್ತು. ರೇಸ್ ಮುಗಿದ ಕೂಡಲೇ ನಿನ್ನ ಕ್ಯಾಮೆರಾದ ಎದುರು ನಿಂತು ಇದೇ ಕೊನೆ ಅಂತ ಅವರೇ ಹೇಳ್ಬೇಕು. ಅದನ್ನು ನನಗೆ ಕೊಡು. ನಾಳೆ ಅವರು ಪುನಃ ಶುರು ಮಾಡಿದ್ರೆ ಟಿವಿಗೆ ಹಾಕಿ ಕೂರಿಸ್ತೇನೆ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. "ಅವರನ್ನು ಮಣ್ಣಿಗೆ ಹಾಕಿದ ಮೇಲೆ ಕ್ಯಾಮೆರಾದಲ್ಲಿ ನೋಡುವ ಹಾಗೆ ಆಗ್ಬಾರ್ದು ನನಗೆ. ಅಷ್ಟೇ" ಎಂದು ಫೋನಿಟ್ಟರು.

ಆ ಭಾನುವಾರ ಬಿಸಿಲು ಚುರುಗುಟ್ಟುತ್ತಿತ್ತು, ಗಾಳಿ ಬೇರೆ. ಹಿಂದಿನ ದಿನ ಒಂದು ಸೀಮಂತ ಮುಗಿಸಿ ಬಂದಿದ್ದ ನನಗೆ ಮೊಣಕಾಲು ಮಡಚಲಾಗುತ್ತಿರಲಿಲ್ಲ. ದಿಬ್ಬ ಹತ್ತುವಾಗ ಇದು ಡಾಕ್ಟರಿಗೆ ಕೊನೆಯದಾದರೆ ನನಗೂ ಕೊನೆಯದೇ ಆಗಲಿ ಎಂದು ನಿಜವಾಗಿಯೂ ಅಂದುಕೊಂಡೆ. ಡಾಕ್ಟರು ಚೆನ್ನಾಗಿಯೇ ಓಡಿಸಿದರು. ತಿರುವುಗಳಲ್ಲಿ ಕಾರಿನ ಹಿಂಭಾಗ ಜಾರುತ್ತಿತ್ತು, ಅವರು ಅದನ್ನು ತುಂಟ ಕರುವನ್ನು ಕಿವಿ ಹಿಡಿದು ಎಳೆದ ಹಾಗೆ ಎಳೆದು ನೇರ ಮಾಡುತ್ತಿದ್ದರು. ನಾನು ಸೊಂಟ ತಿರುಗಿಸಿದೆ, ತೆಗೆದೆ. ಅವರು ಕೈ ಎತ್ತಲಿಲ್ಲ. ಕಾರು ಗೆರೆ ದಾಟಿ, ಧೂಳೆಬ್ಬಿಸಿ, ಸ್ವಲ್ಪ ಮುಂದೆ ಹೋಗಿ ನಿಂತಿತು.

ನಿಂತ ಕಾರಿನಿಂದ ಡಾಕ್ಟರು ಇಳಿಯಲಿಲ್ಲ.

ನಾನು ಲೆನ್ಸನ್ನು ಇನ್ನಷ್ಟು ಹತ್ತಿರಕ್ಕೆ ತಂದೆ. ಧೂಳು ತಿಳಿಯಾದಾಗ ಕಿಟಕಿಯೊಳಗೆ ಕಂಡದ್ದು ಅವರ ಎರಡು ಕೈ. ಗ್ಲೌಸ್ ಹಾಕಿದ ಎರಡೂ ಕೈಗಳು ಸ್ಟೇರಿಂಗನ್ನು ಹಿಡಿದೇ ಇದ್ದವು. ಅವರು ಬಿಡಿಸಿಕೊಳ್ಳಲು ಎಳೆಯುತ್ತಿದ್ದರು, ಬೆರಳುಗಳು ಬಿಡುತ್ತಿರಲಿಲ್ಲ. ಮೊಣಕೈಯಿಂದ ಒತ್ತಿ, ಭುಜ ತಿರುಚಿ, ಹೇಗೋ ಎಡಗೈಯನ್ನು ಕಿತ್ತುಕೊಂಡರು. ಆಮೇಲೆ ಆ ಅರ್ಧ ಮಡಚಿದ ಎಡಗೈಯ ಬುಡದಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ತಳ್ಳತೊಡಗಿದರು. ತುಟಿ ಅಲ್ಲಾಡುತ್ತಿತ್ತು. ರೋಗಿಗಳಿಗೆ ಹೇಳುತ್ತಿದ್ದಂತೆ ತಮ್ಮ ಬೆರಳುಗಳಿಗೇ ಏನೋ ಹೇಳಿಕೊಳ್ಳುತ್ತಿದ್ದರು. ಇದು ಇಂದು ಶುರುವಾದದ್ದಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಅದಕ್ಕೆಂದೇ ಒಂದು ಕ್ರಮ ಮಾಡಿಕೊಂಡಿದ್ದರು.

ನನಗೆ ಮೊದಲು ಬಂದದ್ದು ಸಿಟ್ಟು. ಊರಿನವರ ಕೈಯನ್ನೆಲ್ಲ ಒತ್ತಿ ನೋಡಿ ಬೈಯುತ್ತಿದ್ದ ಮನುಷ್ಯ, ಇಂಥ ಕೈ ಇಟ್ಟುಕೊಂಡು ಈ ದಾರಿಯಲ್ಲಿ ಕಾರು ಓಡಿಸುವುದೇ? ಆಮೇಲೆ ಲೆನ್ಸಿನಿಂದ ಕಣ್ಣು ತೆಗೆದು ಕೆಳಗೆ ನೋಡಿದೆ. ಕೆಳಗೆ ಗೆರೆಯ ಹತ್ತಿರ ನನ್ನ ಜೊತೆಗಾತಿ ಕ್ಯಾಮೆರಾವನ್ನು ಅದೇ ಕಿಟಕಿಗೆ ಹಿಡಿದು ನಿಂತಿದ್ದಳು. ಅವಳು ತೆಗೆದದ್ದನ್ನು ಇನ್ನು ಸ್ವಲ್ಪ ಹೊತ್ತಿಗೆ ಆಂಟಿ ನೋಡುತ್ತಾರೆ. ಹೀಗೆ, ಕ್ಯಾಮೆರಾದ ಪರದೆಯಲ್ಲಿ, ಅವರಿಗೆ ಇದು ತಿಳಿಯಬಾರದು ಎನಿಸಿತು. ವಾಕಿಟಾಕಿ ಒತ್ತಿ "ಬೇಡ, ಬೇಡ" ಎಂದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅದು. "ಸವಾ, ದಾದಾ" ಎಂದಳು. ಆಯಿತು ಎಂದಳಲ್ಲ, ನನಗೂ ಸಮಾಧಾನವಾಯಿತು. ಸ್ಟ್ಯಾಂಡು ಮಡಚಿ ಹೆಗಲಿಗೇರಿಸಿ, ಮೊಣಕಾಲನ್ನು ಶಪಿಸುತ್ತಾ ನಿಧಾನಕ್ಕೆ ದಿಬ್ಬ ಇಳಿದೆ.

ದಾರಿಯಲ್ಲಿ ಡಾಕ್ಟರು ಎದುರಾದರು. ಗ್ಲೌಸ್ ತೆಗೆದಿರಲಿಲ್ಲ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ನೀವು ಮೇಲಿಂದ ನೋಡಿದ್ರಾ?" ಎಂದರು.

"ನೋಡಿದೆ ಡಾಕ್ಟ್ರೇ."

"ತೆಗೆದ್ರಾ?"

"ನಾನು ತೆಗೀಲಿಲ್ಲ. ಅವಳಿಗೂ ಬೇಡ ಅಂದಿದೀನಿ."

ಅವರು ಉಸಿರು ಬಿಟ್ಟರು. "ಹೆಂಡತಿಗೆ ಗೊತ್ತಿಲ್ಲ. ಸ್ವಲ್ಪ ಹೊತ್ತು ಹಾಗೆ ಹಿಡಿದುಕೊಳ್ತದೆ, ಆಮೇಲೆ ಸರಿ ಆಗ್ತದೆ. ದೊಡ್ಡ ವಿಷಯ ಎಂತ ಇಲ್ಲ" ಎಂದರು. ದೊಡ್ಡ ವಿಷಯ ಅಲ್ಲದಿದ್ದರೆ ಬಚ್ಚಿಡುವುದು ಯಾಕೆ ಎಂದು ಕೇಳಬಹುದಿತ್ತು. ಅವರ ಮುಖ ನೋಡಿ ಕೇಳಲಾಗಲಿಲ್ಲ. ಕಾರಿನ ಬಾನೆಟ್ ಮುಚ್ಚಿ ಬರುತ್ತೇನೆಂದು ಅವರು ಆ ಕಡೆ ಹೋದರು.

ನಾನು ಟೆಂಟಿಗೆ ಬಂದರೆ, ಆಂಟಿ ಕನ್ನಡಕವನ್ನು ಹಣೆಗೇರಿಸಿ ಎರಡನೇ ಕ್ಯಾಮೆರಾದ ಪರದೆಗೆ ಮುಖವಿಟ್ಟು ಕೂತಿದ್ದರು. ಪರದೆಯಲ್ಲಿ ಕಾರು ಓಡುತ್ತಿರಲಿಲ್ಲ. ನಿಂತಿತ್ತು. ಕಿಟಕಿಯೊಳಗೆ ಒಂದು ಕೈ ಇನ್ನೊಂದು ಕೈಯ ಬೆರಳುಗಳನ್ನು ತಳ್ಳುತ್ತಿತ್ತು.

ನಾನು ನನ್ನ ಜೊತೆಗಾತಿಯನ್ನು ಪಕ್ಕಕ್ಕೆ ಕರೆದು, ಬೇಡ ಎಂದಿರಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ರೇಗಿದೆ. ಅವಳು ಕಣ್ಣರಳಿಸಿದಳು. "ಹೌದು ದಾದಾ, ನೀನು ಬಾಡೊ, ಬಾಡೊ ಅಂದೆ. ಅದಕ್ಕೇ ನಿಲ್ಲಿಸದೆ ತೆಗೆಯುತ್ತಲೇ ಇದ್ದೆ" ಎಂದಳು.

ಬಾಡೊ. ಈ ಊರಿನಲ್ಲಿ ಅತಿ ಹೆಚ್ಚು ಓಡಾಡುವ ಸ್ವಾಹಿಲಿ ಮಾತು. ‘ಇನ್ನೂ ಇಲ್ಲ’ ಎಂದರ್ಥ. ಮಟಾಟು ಬಂತಾ? ಬಾಡೊ. ಕರೆಂಟ್ ಬಂತಾ? ಬಾಡೊ. ಎಪ್ಪತ್ತು ದಾಟಿದ ಬ್ರಹ್ಮಚಾರಿಯನ್ನು ಮದುವೆಯಾಗಿದೆಯಾ ಎಂದು ಕೇಳಿದರೂ ಇಲ್ಲ ಎನ್ನುವುದಿಲ್ಲ, ಬಾಡೊ ಎನ್ನುತ್ತಾನೆ. ಹಾಗೆ ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವುದು ಇಲ್ಲಿ ಚೆನ್ನಾಗಿರುವುದಿಲ್ಲ. ನಾವು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಎಂದು ಹಂಗಿಸುವುದನ್ನು ಇವರು ಮರ್ಯಾದೆಯಾಗಿ ಮಾಡಿಕೊಂಡಿದ್ದಾರೆ. ನನ್ನ ‘ಬೇಡ’ ಆ ಗಾಳಿಯಲ್ಲಿ, ಆ ಕರಕರದಲ್ಲಿ ಅವಳ ಕಿವಿಗೆ ‘ಬಾಡೊ’ ಆಗಿ ತಲುಪಿತ್ತು. ಇನ್ನೂ ಮುಗಿದಿಲ್ಲ, ಬಿಡಬೇಡ. ಅವಳು ಬಿಡಲಿಲ್ಲ, ಕೊನೆಯ ಬೆರಳು ಬಿಡುವವರೆಗೂ ತೆಗೆದಿದ್ದಳು. ಅವಳದು ಏನು ತಪ್ಪು? ಅಷ್ಟು ವರ್ಷದ ಮದುವೆಗಳಲ್ಲಿ ಕ್ಯಾಮೆರಾಕ್ಕೆ ಬೇಡ ಎಂದವರು ಒಬ್ಬರೂ ಇರಲಿಲ್ಲ, ಆ ಮಾತನ್ನು ಅವಳು ಕಲಿಯುವುದಾದರೂ ಎಲ್ಲಿಂದ.

ಆಂಟಿ ಮುಗಿಯುವವರೆಗೂ ನೋಡಿದರು. ಕನ್ನಡಕ ಇಳಿಸಿದರು. ಅಳುತ್ತಾರೆ ಎಂದುಕೊಂಡಿದ್ದೆ, ಅಳಲಿಲ್ಲ.

"ಶರ್ಟಿನ ಗುಂಡಿ ಹಾಕ್ಲಿಕ್ಕೆ ಆಗುದಿಲ್ಲ ಅಂತ ನನಗೆ ಗೊತ್ತುಂಟು" ಎಂದರು. "ಟಿ-ಶರ್ಟ್ ಆರಾಮ ಅಂತ ಶುರು ಮಾಡಿದ್ರು. ಹೌದು, ಆರಾಮ ಅಂತ ನಾನೂ ಹೇಳಿದೆ. ಗಂಡಸರಿಗೆ ಅಷ್ಟು ಸುಳ್ಳು ಬಿಟ್ಟುಕೊಡ್ಬೇಕಾಗ್ತದೆ. ಆದ್ರೆ ಸ್ಟೇರಿಂಗಿನಲ್ಲಿಯೂ ಹೀಗೆ ಅಂತ ಗೊತ್ತಿರ್ಲಿಲ್ಲ."

"ಆಂಟಿ, ಅವರಿಗೆ ನಾನು ತೆಗೆದಿಲ್ಲ ಅಂತ ಹೇಳ್ಬಿಟ್ಟಿದೀನಿ" ಎಂದೆ.

"ಇರ್ಲಿ. ನಿನ್ನ ಕ್ಯಾಮೆರಾ ಇಡು. ಅವರು ಬರ್ತಾ ಇದ್ದಾರೆ."

ನಾನು ಸ್ಟ್ಯಾಂಡು ಬಿಡಿಸಿ ಕ್ಯಾಮೆರಾ ಕೂರಿಸಿದೆ. ಆ ಕ್ಷಣ ನನಗೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಬೇಕೆನಿಸಿತ್ತು. ಬೇರೆಯವರ ಸಂಸಾರದ ಇಷ್ಟು ಹತ್ತಿರಕ್ಕೆ ಯಾವ ಲೆನ್ಸೂ ಹೋಗಬಾರದು. ಡಾಕ್ಟರು ಬಂದು ಕ್ಯಾಮೆರಾದ ಎದುರು ನಿಂತರು, ಕೈ ಬೆನ್ನ ಹಿಂದೆಯೇ. ಗಂಡ ಹೆಂಡತಿ ತಮ್ಮಲ್ಲಿ ಯಾವಾಗಲೂ ಕೊಂಕಣಿ ಆಡುತ್ತಾರೆ. ಆ ದಿನ ನನಗೆ ಹೇಳುವ ನೆಪದಲ್ಲಿ ಡಾಕ್ಟರು ಕನ್ನಡದಲ್ಲಿ ಶುರು ಮಾಡಿದರು.

"ಇದು ಲಾಸ್ಟ್ ಅಂತ ಇವಳಿಗೆ ಮಾತು ಕೊಟ್ಟದ್ದು ಹೌದು. ಆದ್ರೆ ಗಾಡಿ ಇವತ್ತು ಎಷ್ಟು ಚಂದ ಓಡಿತು, ನೀವೇ ನೋಡಿದ್ರಲ್ಲ. ಕ್ರಿಸ್‌ಮಸ್‌ಗೆ ಮೊದಲು ಇನ್ನೊಂದು ಉಂಟು. ಅದೊಂದು ಓಡಿಸಿ ಬಿಟ್ಟುಬಿಡ್ತೇನೆ. ಅದೊಂದೇ."

ನಾನು ಆಂಟಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅವರು ನನ್ನ ಬೆನ್ನ ಹಿಂದಿನಿಂದ ನಡೆದು ಬಂದು ಗಂಡನ ಪಕ್ಕ ನಿಂತರು. ಅವರೂ ಕನ್ನಡದಲ್ಲೇ ಮಾತಾಡಿದರು. ಸಾಕ್ಷಿಗೆ ಅರ್ಥವಾಗಬೇಕಲ್ಲ.

"ಆಯ್ತು, ಓಡಿಸಿ. ನಾನೂ ಬರ್ತೇನೆ."

"ಯಾವಾಗಲೂ ಬರ್ತೀಯಲ್ಲ."

"ಟೆಂಟಿಗೆ ಅಲ್ಲ. ಪಕ್ಕದ ಸೀಟಿಗೆ. ಹೆಲ್ಮೆಟ್ ಹಾಕಿ ಒಬ್ರು ಕೂತುಕೊಳ್ಬಹುದು ಅಂತ ರೂಲ್ ಉಂಟಲ್ಲ."

ಡಾಕ್ಟರು ನಕ್ಕರು. "ನಿನಗೆ ಮರುಳಾ? ದೂರದಿಂದ ನೋಡ್ಲಿಕ್ಕೇ ಆಗುದಿಲ್ಲ ನಿನಗೆ."

"ನೋಡುದಿಲ್ಲ. ಕಣ್ಣು ಮುಚ್ಚಿ ಕೂತುಕೊಳ್ತೇನೆ. ನಿಮ್ಮ ಬೆರಳು ಹಿಡಿದುಕೊಂಡ್ರೆ ಬಿಡಿಸ್ಲಿಕ್ಕೆ ಒಬ್ರು ಬೇಕಲ್ಲ."

ಡಾಕ್ಟರು ನನ್ನನ್ನು ನೋಡಿದರು. ನಾನು ಕ್ಯಾಮೆರಾದ ಹಿಂದೆ ಮುಖ ಹುದುಗಿಸಿದೆ. ದೂರದಲ್ಲಿ ಮುಂದಿನ ಕಾರು ಹೊರಟು, ಅದರ ಸದ್ದು ಪೂರ್ತಿ ಒಂದು ಸುತ್ತು ಹೋಗಿ ಬಂದಿತು.

"ನಿನ್ನನ್ನು ಕೂರಿಸಿಕೊಂಡು ನಾನು ಓಡಿಸುದಿಲ್ಲ" ಎಂದರು ಕೊನೆಗೆ.

"ಎಂತಕ್ಕೆ?"

"ಎಂತಕ್ಕೆ ಅಂದ್ರೆ? ಎಂತಾದ್ರೂ ಆದ್ರೆ?"

"ಇಷ್ಟು ವರ್ಷ ನಾನು ನಿಮ್ಮ ಹತ್ರ ಕೇಳ್ತಾ ಇದ್ದದ್ದು ಅದನ್ನೇ" ಎಂದರು ಆಂಟಿ.

ಡಾಕ್ಟರು ತಲೆ ತಗ್ಗಿಸಿದರು. ಆಮೇಲೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಕೈಗಳನ್ನು ಮುಂದೆ ತಂದು, ಮಕ್ಕಳು ಊಟಕ್ಕೆ ಮೊದಲು ತೋರಿಸುವ ಹಾಗೆ, ಹೆಂಡತಿಯ ಎದುರು ಚಾಚಿದರು. ಬೆರಳುಗಳು ಇನ್ನೂ ಅರ್ಧ ಮಡಚಿಯೇ ಇದ್ದವು. ಆಂಟಿ ಅವರ ಒಂದು ಕೈಯನ್ನು ತಮ್ಮ ಕಂಕುಳಲ್ಲಿ ಅವುಚಿಕೊಂಡು, ಇನ್ನೊಂದರ ಗ್ಲೌಸನ್ನು ಕಿರುಬೆರಳಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಎಳೆಯತೊಡಗಿದರು.